ಕಲ್ಲಿನ ಕಥೆ, ಭಾಗ 4: ಹುಬ್ಬಿನಿಂದ ಬಕೆಟ್‌ವರೆಗೆ

ಮೊದಲ ಫೋಟೋ ಈಜಿಪ್ಟಿನ ಟುಟಂಖಾಮನ್ ದೊರೆಯ ಮುಖವಾಡ. ಎಲ್ರೂ ಚಿನ್ನ ನೋಡ್ತಾರೆ. ನೀವು ಹುಬ್ಬು ನೋಡಿ. ಆ ಕಡುನೀಲಿ ಹುಬ್ಬು, ಕಣ್ಣಿನ ಸುತ್ತ ಕಾಡಿಗೆ ತೀಡಿದಂಥ ಗೆರೆ, ಎರಡೂ ಲ್ಯಾಪಿಸ್ ಲಾಜುಲಿ ಅನ್ನೋ ಕಲ್ಲು. ಸಂಸ್ಕೃತದಲ್ಲಿ ರಾಜಾವರ್ತ. ಇದು ಉಂಗುರಕ್ಕೆ ಹಾಕೋ ನೀಲಮಣಿ ಅಲ್ಲ, ಕನ್‌ಫ್ಯೂಸ್ ಆಗ್ಬೇಡಿ. ನೀಲಮಣಿಯೊಳಗೆ ಬೆಳಕು ಹಾಯುತ್ತೆ, ಇದರಲ್ಲಿ ಹಾಯಲ್ಲ. ಇದರ ನೀಲಿಗೆ ಕಾರಣ ಗಂಧಕ. ಅಲ್ಲಲ್ಲಿ ಮಿನುಗೋ ಬಂಗಾರದ ಚುಕ್ಕೆಗಳು ಬಂಗಾರ ಅಲ್ಲ, ಪೈರೈಟ್.

ಈಜಿಪ್ಟಲ್ಲಿ ಈ ಕಲ್ಲು ಸಿಗ್ತಿರ್ಲಿಲ್ಲ. ಹಳೇ ಲೋಕಕ್ಕೆಲ್ಲ ಇದನ್ನ ಕೊಟ್ಟಿದ್ದು ಮುಖ್ಯವಾಗಿ ಅಫ್ಘಾನಿಸ್ತಾನದ ಬದಖ್ಷಾನ್, ಅಲ್ಲಿನ ಸರ್-ಇ-ಸಂಗ್ ಗಣಿ. ಹರಪ್ಪ ನಾಗರಿಕತೆಯವರು ಸಿಂಧೂ ಬಯಲಿಂದ ಅಷ್ಟು ದೂರ ಹೋಗಿ, ಆ ಸೀಮೆಯ ಹತ್ತಿರ ಶೋರ್ತುಗೈ ಅಂತ ಒಂದು ನೆಲೆಯನ್ನೇ ಕಟ್ಟಿದ್ರು! ಗಣಿ ಈ ಕಾಲದಲ್ಲೂ ನಡೀತಿದೆ. ಅದರ ದುಡ್ಡು ಬಂದೂಕು ಹಿಡಿದವರ ಜೇಬಿಗೆ ಹೋಗ್ತಿದೆ ಅಂತ 2016ರಲ್ಲಿ ಗ್ಲೋಬಲ್ ವಿಟ್ನೆಸ್ ಸಂಸ್ಥೆ ವರದಿ ಮಾಡಿತ್ತು.

ಈಗ ಬಣ್ಣದ ವಿಷಯ. ಈ ಕಲ್ಲನ್ನ ಬರೀ ಕುಟ್ಟಿ ಪುಡಿ ಮಾಡಿದ್ರೆ ಸಿಗೋದು ಮಂಕು ಬೂದಿ ಬಣ್ಣ. ಹಾಗಾಗಿ ಇಟಲಿಯವರು ಆ ಪುಡಿಯನ್ನ ಮೇಣ, ಮರದ ರಾಳದ ಜೊತೆ ಕಲಸಿ ಹಿಟ್ಟಿನ ಥರ ಉಂಡೆ ಮಾಡಿ, ಬೂದಿನೀರಲ್ಲಿ ನಾದ್ತಿದ್ರು. ನೀಲಿ ಮಾತ್ರ ನೀರಿಗೆ ಬಿಡ್ತಿತ್ತು, ಕಸರೆಲ್ಲ ಉಂಡೆಯಲ್ಲೇ ಉಳೀತಿತ್ತು. ಅಷ್ಟೆಲ್ಲ ಒದ್ದಾಡಿದ್ರೂ ಕೈಗೆ ಸಿಗ್ತಿದ್ದದ್ದು ಚೂರೇ ಚೂರು. ಅದಕ್ಕೇ ಬೆಲೆ ಕೆಲವೊಮ್ಮೆ ಚಿನ್ನದ ಸಮಕ್ಕೆ ಹೋಗ್ತಿತ್ತು. ಸಮುದ್ರದಾಚೆಯಿಂದ ಬಂದದ್ದು ಅಂತ ಹೆಸರು: ಅಲ್ಟ್ರಾಮರೀನ್. ಚರ್ಚಿನ ಚಿತ್ರಗಳಲ್ಲಿ ಇದನ್ನ ಮಾತೆ ಮರಿಯಳ ಮೇಲುವಸ್ತ್ರಕ್ಕೆ ಅಂತ ಎತ್ತಿಡ್ತಿದ್ರು.

ಡಚ್ ಕಲಾವಿದ ವರ್ಮೀರ್ ಏನ್ ಮಾಡಿದ ನೋಡಿ (ಎರಡನೇ ಫೋಟೋ). ಅಡುಗೆಮನೇಲಿ ಹಾಲು ಸುರೀತಿರೋ ಕೆಲಸದವಳ ಏಪ್ರನ್‌ಗೆ ಇದೇ ಬಣ್ಣ ಬಳಿದ. ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಜಾಗ ಇದು. 1675ರಲ್ಲಿ ಸಾಯುವಾಗ ಮನುಷ್ಯ ಸಾಲದಲ್ಲಿ ಮುಳುಗಿದ್ದ. ಸಾಲಕ್ಕೆ ಬರೀ ಬಣ್ಣ ಕಾರಣ ಅಂತಲ್ಲ ಬಿಡಿ, ಮನೆ ತುಂಬ ಮಕ್ಕಳಿದ್ರು.

1824ರಲ್ಲಿ ಫ್ರಾನ್ಸಿನ ಒಂದು ಸಂಘ, ಈ ನೀಲಿಯನ್ನ ಕಡಿಮೆ ಖರ್ಚಲ್ಲಿ ಮಾಡಿ ತೋರಿಸಿದವರಿಗೆ 6,000 ಫ್ರಾಂಕ್ ಬಹುಮಾನ ಅಂತ ಘೋಷಿಸ್ತು. 1828ರಲ್ಲಿ ಗೆದ್ದವನು ಗಿಮೆ. ಸಾಮಾನು ಏನಪ್ಪಾ ಅಂದ್ರೆ ಬಿಳಿ ಜೇಡಿಮಣ್ಣು, ಸೋಡ, ಗಂಧಕ, ಇದ್ದಿಲು, ಆಮೇಲೆ ಬೆಂಕಿ. ಬೆಲೆ ದಡ್ ಅಂತ ಬಿತ್ತು.

ಕೊನೇ ಫೋಟೋ ಬಟ್ಟೆಗೆ ಹಾಕೋ ಹಳೇ ಕಾಲದ ನೀಲಿ ಪುಡಿ. ಹೌದು, ಅದೇ ಅಲ್ಟ್ರಾಮರೀನ್, ಕಾರ್ಖಾನೆಯದ್ದು. (ಈಗ ಬಾಟಲಿಯಲ್ಲಿ ಬರೋ ದ್ರವ ಬೇರೆ, ಅದು ಡೈ.) ಹಳದಿಗೆ ತಿರುಗಿದ ಬಿಳಿ ಬಟ್ಟೆ ಮೇಲೆ ಚೂರು ನೀಲಿ ಕೂತ್ರೆ ಕಣ್ಣಿಗೆ ಹಳದಿ ಮರೆಯಾಗಿ ಬೆಳ್ಳಗೆ ಕಾಣುತ್ತೆ. ಅಜ್ಜಿಯಂದಿರು ಸುಣ್ಣಕ್ಕೂ ಒಂದು ಚಿಟಿಕೆ ಹಾಕ್ತಿದ್ದದ್ದು ಇದಕ್ಕೇ. ನಿಮ್ಮನೇಲಿ ಆ ಪುಡಿ ಇನ್ನೂ ಇದ್ರೆ ಫೋಟೋ ಕಳಿಸಿ, ಸ್ಟೋರಿಗೆ ಹಾಕ್ತೀನಿ.