ಎರೆಭೂಮಿಯ ಹತ್ತಿ ಮತ್ತು ದೇವಗಡ ದ್ವೀಪದ ದೀಪಸ್ತಂಭ

ಕಾರವಾರದ ಎದುರಿನ ಅರಬ್ಬೀ ಸಮುದ್ರದಲ್ಲಿ, ದೇವಗಡ ದ್ವೀಪದ ನೆತ್ತಿಯ ಮೇಲೆ 1864ರಿಂದ ನಿಂತಿರುವ, ನಾವಿಕರ ನಕಾಶೆಗಳಲ್ಲಿ ಆಯ್‌ಸ್ಟರ್ ರಾಕ್ ಎಂದು ಗುರುತಿಸಲಾಗುವ ದೀಪಸ್ತಂಭವನ್ನು ಕರಾವಳಿಯ ಚರಿತ್ರೆಗಷ್ಟೇ ಸೇರಿಸುವುದು ರೂಢಿ. ಆದರೆ ಅದು ಹುಟ್ಟಿದ ಕಾರಣವನ್ನು ಘಟ್ಟದ ಮೇಲಿನ ಎರೆಭೂಮಿಯಲ್ಲಿ, ಅಂದರೆ ತೇವ ಹಿಡಿದಿಟ್ಟು ಹತ್ತಿ ಬೆಳೆಸುವ ಕರಿಮಣ್ಣಿನ ಸೀಮೆಯಲ್ಲಿ, ಹುಡುಕಬೇಕಾಗುತ್ತದೆ.

ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರನ್ನು ಸೇರುತ್ತಿತ್ತು. ಬೆಳೆದ ಊರನ್ನು ಬಿಟ್ಟು ಹಡಗೇರಿಸಿದ ಊರಿನ ಹೆಸರಿನಲ್ಲೇ ಆ ಹತ್ತಿ ವಿದೇಶದ ಪೇಟೆಗಳಲ್ಲಿ ಪರಿಚಿತವಾದದ್ದು ಬಂದರಿನ ಮಹತ್ವವನ್ನು ಸೂಚಿಸುತ್ತದೆ. ಆದರೆ ಕುಮಟೆಯದು ತೆರೆದ ರೇವು. ಬೈತಖೋಲದ ಗುಡ್ಡವೂ ಎದುರಿನ ದ್ವೀಪಗಳೂ ಗಾಳಿಯನ್ನು ತಡೆಯುವ ಕಾರವಾರದ ಕೊಲ್ಲಿಯಂಥ ಆಸರೆ ಅಲ್ಲಿರಲಿಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಲ್ಯಾಂಕಶೈರ್‌ನ ಗಿರಣಿಗಳಿಗೆ ಹತ್ತಿ ನಿಂತಾಗ, ಆ ಕೊಲ್ಲಿಯ ಮೇಲೆ ಇಂಗ್ಲೆಂಡಿನ ವ್ಯಾಪಾರಿಗಳ ಕಣ್ಣು ಬಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಅದಾದ ಎರಡೇ ವರ್ಷಕ್ಕೆ ದ್ವೀಪದಲ್ಲಿ ದೀಪ ಹೊತ್ತಿತು. ಇದನ್ನು ಕಾಕತಾಳೀಯವೆನ್ನುವುದು ಕಷ್ಟ.

ಬಿಳಿಬಣ್ಣದ ಈ ದುಂಡನೆಯ ಕಲ್ಲುಗೋಪುರದ ಎತ್ತರ ಸುಮಾರು 20 ಮೀಟರು ಮಾತ್ರ. ಉಳಿದ ಎತ್ತರವನ್ನು ದ್ವೀಪದ ಗುಡ್ಡವೇ ಒದಗಿಸಿ, ದೀಪವನ್ನು ಸಮುದ್ರಮಟ್ಟದಿಂದ ಸುಮಾರು 60 ಮೀಟರು ಮೇಲಕ್ಕೇರಿಸಿದೆ. ಭೂಮಿಯ ದುಂಡಗಿನ ಮೈಯಿಂದಾಗಿ ಅಷ್ಟು ಎತ್ತರದ ಬೆಳಕು ನೀರಿನ ಮಟ್ಟದಲ್ಲಿರುವವನಿಗೆ ಸುಮಾರು 28 ಕಿಲೋಮೀಟರಿನವರೆಗೆ ಕಾಣಬಲ್ಲದು, ಹಡಗಿನ ಅಟ್ಟದ ಮೇಲೆ ನಿಂತವನಿಗೆ ಇನ್ನೂ ದೂರದಿಂದ. ಆ ಕಾಲದ ದೀಪಸ್ತಂಭಗಳು ಎಣ್ಣೆಯ ಬತ್ತಿಯನ್ನೇ ನೆಚ್ಚಿದ್ದವು. 1862ರಲ್ಲಿ ಬೆಳಗಿದ ಅಲಪ್ಪುಳದ ದೀಪಕ್ಕೆ ತೆಂಗಿನೆಣ್ಣೆಯೇ ಇಂಧನವಾಗಿತ್ತು. ಚದುರಿಹೋಗುವ ಇಂಥ ಬೆಳಕನ್ನು ಒಂದೇ ದಿಕ್ಕಿಗೆ ಕೂಡಿಸುವ ಉಪಾಯವನ್ನು, ಅಂದರೆ ದಪ್ಪ ಗಾಜಿನ ಬದಲು ಮೆಟ್ಟಿಲು ಮೆಟ್ಟಿಲಾದ ಗಾಜಿನ ಉಂಗುರಗಳನ್ನು ಜೋಡಿಸಿದ ಮಸೂರವನ್ನು, ಫ್ರಾನ್ಸಿನ ಫ್ರೆನೆಲ್ 1823ರಲ್ಲೇ ಕೊರ್ಡುಆನ್ ದೀಪಸ್ತಂಭದಲ್ಲಿ ಅಳವಡಿಸಿದ್ದನು.

ಆದರೆ ಅದೇ ಎರೆಭೂಮಿಯ ಕಲಬುರಗಿ ಸೀಮೆಯಲ್ಲಿ, ನಿಜಾಮರ ಆಳ್ವಿಕೆಯಲ್ಲಿದ್ದ ಆಳಂದ, ಅಫಜಲಪುರ, ಜೇವರ್ಗಿಗಳ ಕರಿಮಣ್ಣಿಗೆ ಈ ಬೆಳಕಿನ ಹಂಗು ಬೀಳಲಿಲ್ಲ. 1871ರಲ್ಲಿ ಸೊಲ್ಲಾಪುರದಿಂದ ಕಲಬುರಗಿಯ ಮೂಲಕ ರಾಯಚೂರಿಗೆ ಹಳಿ ಪೂರ್ಣಗೊಂಡಾಗ, ದುಧನಿ, ಗಾಣಗಾಪುರ ರೋಡ್, ಕಲಬುರಗಿ ನಿಲ್ದಾಣಗಳೇ ಈ ಭಾಗದ ಫಸಲಿಗೆ ಮುಂಬಯಿಯ ಬಾಗಿಲುಗಳಾದವು. ಧಾರವಾಡದ ಹತ್ತಿಯೂ ಬಹುಕಾಲ ಕಾರವಾರಕ್ಕೆ ದಕ್ಕಲಿಲ್ಲ. 1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿಯಿತು; ಮುಂದೆ ಗೋವೆಯ ಮುರಗಾಂವ್ ಬಂದರಿಗೆ ರೈಲು ಬಂದಾಗ, ಹಳಿಯಿಲ್ಲದ ಕಾರವಾರ ಹಿಂದೆ ಬಿದ್ದಿತು.

ದೀಪ ಮಾತ್ರ ಆರಲಿಲ್ಲ. 1927ರ ಭಾರತೀಯ ದೀಪಸ್ತಂಭ ಕಾಯಿದೆಯು ದೇಶದ ದೀಪಸ್ತಂಭಗಳ ಹೊಣೆಯನ್ನು ಕೇಂದ್ರಕ್ಕೆ ಒಪ್ಪಿಸಿತು. ಹತ್ತಿಯ ಹಡಗುಗಳಿಗಾಗಿ ಎದ್ದ ಗೋಪುರದ ಎದುರಿನ ತೀರದಲ್ಲೇ 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು.