ಚೆಂಡು ದಂಡಿನಲ್ಲೇ ಉಳಿಯಿತು, ಪಟ ಗುಬ್ಬಿಗೂ ಬಂತು

ಅರಮನೆಯೊಂದನ್ನು ಬಿಟ್ಟರೆ, ಫುಟ್‌ಬಾಲೂ ಫೋಟೊಗ್ರಫಿಯೂ ಮೈಸೂರು ಸೀಮೆಯೊಳಗೆ ಕಾಲಿಟ್ಟದ್ದು ಬೆಂಗಳೂರು ದಂಡಿನ ಬಾಗಿಲಿಂದಲೇ. 1809ರಲ್ಲಿ ನೆಲೆಗೊಂಡ ಆ ದಂಡಿನಲ್ಲಿ ಸಿಪಾಯಿಗಳು ಆಡಿಕೊಳ್ಳಲು ಮೈದಾನಗಳಿದ್ದವು, ದೊರೆಗಳ ಭಾವಚಿತ್ರ ತೆಗೆಯಲು ಮುಂದೆ ಸ್ಟುಡಿಯೊಗಳೂ ಬಂದವು. 1880ರ ದಶಕದಲ್ಲಿ ರೈಲು ತುಮಕೂರನ್ನು ಮುಟ್ಟಿದಾಗ ಎರಡಕ್ಕೂ ಒಂದೇ ದಾರಿ ತೆರೆಯಿತು. ಆದರೆ ಆ ದಾರಿಯಲ್ಲಿ ಬಂದು ಊರೂರಲ್ಲಿ ಅಂಗಡಿ ಹಾಕಿ ನಿಂತದ್ದು ಫೋಟೊ. ಚೆಂಡು ಬಹುಪಾಲು ದಂಡಿನಲ್ಲೇ ಉಳಿದುಕೊಂಡಿತು. ಮಕ್ಕಳು ಪರದೇಶದಲ್ಲಿ, ಅಪ್ಪ ಅಮ್ಮ ಊರಲ್ಲಿ, ಇಬ್ಬರ ಕಣ್ಣೂ ಒಂದೇ ಪಂದ್ಯದ ಮೇಲೆ ಎಂಬ ಇವತ್ತಿನ ರೂಢಿಯನ್ನು ತುಮಕೂರು, ಗುಬ್ಬಿ, ಕುಣಿಗಲ್ ಕಡೆಯಿಂದ ನೋಡುವವರು ಈ ಹಳೆಯ ಏರುಪೇರಿನಿಂದಲೇ ಶುರುಮಾಡಬೇಕು. ಈ ಭಾಗಕ್ಕೆ ಫುಟ್‌ಬಾಲು ಕಾಲಿಗಿಂತ ಹೆಚ್ಚಾಗಿ ಕಣ್ಣಿಗೆ ಹತ್ತಿದ ಆಟ. ಅದಕ್ಕೇ ದೂರ ಅದಕ್ಕೊಂದು ಅಡ್ಡಿಯಾಗಲಿಲ್ಲ ಎಂಬುದು ನನ್ನ ವಾದ.

ಚೆಂಡು ಯಾಕೆ ಬರಲಿಲ್ಲ? ಬೆಂಗಳೂರಿನ ಆಟದ ಹಿಂದೆ ಏನಿತ್ತು ಎಂದು ನೋಡಿದರೆ ಉತ್ತರ ಸಿಗುತ್ತದೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಗೋರಾ ಪಲ್ಟನ್ನುಗಳ ಸೊತ್ತಾಗಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು, ಮರುವರ್ಷವೂ ಗೆದ್ದಿತು. 1946-47ರಲ್ಲಿ ಮೈಸೂರು ತಂಡ ಬೆಂಗಳೂರಿನಲ್ಲೇ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿ ಎತ್ತಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು, ಜೊತೆಗಾರ ಅಹ್ಮದ್ ಖಾನ್ ಕೂಡ. ಇವರ ಬೆನ್ನಿಗೆ ಒತ್ತಾದ ಗಲ್ಲಿಗಳಿದ್ದವು, ಪಲ್ಟನ್ನಿನ ಮೈದಾನಗಳಿದ್ದವು. ಮುಂದೆ ಎಚ್‌ಎಎಲ್, ಐಟಿಐಗಳಂಥ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ಸಾಕಿದವು. ಹಲಸೂರಿನ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರರ ಜೊತೆ ಪೆಲೆಗೂ ಒಂದು ಪ್ರತಿಮೆ ಇರುವುದು ಸುಮ್ಮನೆ ಅಲ್ಲ. ತುಮಕೂರಿಗೆ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಬಂದದ್ದು 1970ರ ದಶಕದ ಕೊನೆಗೆ; ಅಷ್ಟರಲ್ಲಿ ಮೈಸೂರು ತಂಡದ ಸುವರ್ಣಕಾಲವೇ ಮುಗಿದಿತ್ತು. ಕುಣಿಗಲ್ಲಿನಲ್ಲಿ ಹುಲ್ಲುಗಾವಲಿಗೇನೂ ಬರವಿರಲಿಲ್ಲ, ಆದರೆ ಅದು ಕುದುರೆ ಫಾರಂನ ಹುಲ್ಲುಗಾವಲು. ರೈಲಂತೂ ಆ ಊರಿಗೆ ಬಂದದ್ದು 2017ರಲ್ಲಿ.

ಫೋಟೊಗ್ರಾಫರನಿಗೆ ಪಲ್ಟನ್ನೂ ಬೇಡ, ಕಾರ್ಖಾನೆಯೂ ಬೇಡ. ಒಂದು ಕೋಣೆ, ಒಳ್ಳೆಯ ಬೆಳಕು, ಹಿಂದೊಂದು ಪರದೆ, ವರ್ಷಕ್ಕೊಂದಿಷ್ಟು ಮದುವೆ ಇದ್ದರೆ ಸಂಸಾರ ನಡೆಯುತ್ತದೆ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ಆ ಊರಿನ ಜನಕ್ಕೆ ಬಣ್ಣದ ಪರದೆಯ ಅರಮನೆ, ಉದ್ಯಾನಗಳ ರುಚಿ ಹತ್ತಿಸಿತ್ತು. ಅಂಥದೇ ಪರದೆಯ ಮುಂದೆ ಕುರ್ಚಿ ಹಾಕಿ ಕೂತು ಪಟ ತೆಗೆಸಿಕೊಳ್ಳಲು ಅವರಿಗೆ ಸಂಕೋಚವಾಗಿರಲಾರದು. ಕಸುಬು ಮನೆಮಂದಿಯದು: ಅಪ್ಪ ಕ್ಯಾಮೆರಾದ ಹಿಂದೆ, ಮಕ್ಕಳು ಡಾರ್ಕ್ ರೂಮಿನ ಕೆಂಪು ಬೆಳಕಲ್ಲಿ ಡೆವಲಪರಿನಿಂದ ಹೈಪೋಗೆ ಕಾಗದ ಅದ್ದುತ್ತ, ನೀರಲ್ಲಿ ತೊಳೆಯುತ್ತ.

ನಮ್ಮ ಶಾಲೆ ಕಾಲೇಜುಗಳಲ್ಲಿ ಫುಟ್‌ಬಾಲ್ ಆಡಿಯೇ ಇಲ್ಲವೇ ಎಂದು ತುಮಕೂರಿನವರು ಕೇಳಬಹುದು. ಆಡಿದ್ದಾರೆ. ಅದಕ್ಕೆ ಉಳಿಯುವ ಸಾಕ್ಷಿ ಯಾವುದು ಎಂಬುದೇ ಇಲ್ಲಿ ಸ್ವಾರಸ್ಯ. ಊರಿನ ಲೀಗೊಂದು ವರ್ಷವರ್ಷ ನಡೆಯದ ಕಡೆ ಪಂದ್ಯದ ದಾಖಲೆ ಯಾರೂ ಇಡುವುದಿಲ್ಲ. ಹೆಡ್‌ಮಾಸ್ಟರರ ಕೋಣೆಯ ಗೋಡೆಯ ಮೇಲೆ ಗ್ರೂಪ್ ಫೋಟೊ ಉಳಿಯುತ್ತದೆ. ಅಂಥ ಪಟಗಳ ವಿನ್ಯಾಸ ಎಲ್ಲ ಕಡೆ ಒಂದೇ. ಮಧ್ಯದ ಕುರ್ಚಿಯಲ್ಲಿ ಕೋಟು ತೊಟ್ಟ ಮೇಷ್ಟ್ರು, ಹಿಂದಿನ ಸಾಲಿನವರದು ಎದೆಯ ಮೇಲೆ ಕಟ್ಟಿದ ಕೈ, ನೆಲದ ಮೇಲೆ ಕೂತ ಇಬ್ಬರ ನಡುವೆ ಚೆಂಡು, ಚೆಂಡಿನ ಮೇಲೆ ಬಿಳಿ ಅಕ್ಷರದಲ್ಲಿ ಇಸವಿ. ಮುಕ್ಕಾಲಿ ಮೇಲಿನ ಪ್ಲೇಟ್ ಕ್ಯಾಮೆರಾಕ್ಕೆ ಓಡುವ ಆಟಗಾರ ದಕ್ಕುತ್ತಿರಲಿಲ್ಲ, ಆದ್ದರಿಂದ ಚೆಂಡು ಕದಲದೆ ಕೂರಬೇಕಿತ್ತು. ಹೀಗಾಗಿ ಊರಿನ ಫೋಟೊಗ್ರಾಫರ್ ತಾನು ತೆಗೆಯಲಾರದ ಪಟಕ್ಕಾಗಿ ಪತ್ರಿಕೆಯ ಆಟದ ಪುಟವನ್ನೇ ನೋಡಬೇಕಾಯಿತು. ಗಾಳಿಯಲ್ಲಿರುವ ಚೆಂಡನ್ನು ಹಿಡಿದವನ ಕಸುಬುದಾರಿಕೆ ಏನೆಂದು ಅವನಷ್ಟು ಚೆನ್ನಾಗಿ ಊರಲ್ಲಿ ಇನ್ನಾರಿಗೆ ಗೊತ್ತಾಗಬೇಕು?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಪಟವೂ ಇಲ್ಲ ಗಿಟವೂ ಇಲ್ಲ, ನಮ್ಮವರಿಗೆ ಫುಟ್‌ಬಾಲ್ ಹುಚ್ಚು ಹಿಡಿಸಿದ್ದು ಟಿವಿ, 1986ರ ಮೆಕ್ಸಿಕೊ ವಿಶ್ವಕಪ್ಪು, ಮರಡೋನಾ ಎನ್ನುವವರಿದ್ದಾರೆ. ಜೂನ್ 29ರ ಫೈನಲ್ ನಮ್ಮಲ್ಲಿ ಶುರುವಾದದ್ದು ರಾತ್ರಿ ಹನ್ನೊಂದೂವರೆಗೆ. ದೂರದರ್ಶನದ ಮುಂದೆ ನಿದ್ದೆಗೆಟ್ಟವರು ಕಡಿಮೆಯಲ್ಲ. ಟಿವಿಯ ಪಾಲನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ವಿರುದ್ಧ ಮರಡೋನಾ ಚೆಂಡನ್ನು ಕೈಯಿಂದ ಗೋಲಿಗೆ ತಳ್ಳಿದ್ದನ್ನು ರೆಫರಿ ಕಾಣಲಿಲ್ಲ. ಓಡುವ ಟಿವಿ ಚಿತ್ರದಲ್ಲಿ ಮೊದಲ ನೋಟಕ್ಕೆ ಹಲವರಿಗೆ ಅನುಮಾನವೇ ಉಳಿಯಿತು. ಮೆಕ್ಸಿಕೊದ ಪತ್ರಿಕಾ ಛಾಯಾಗ್ರಾಹಕ ಅಲೆಹಾಂದ್ರೊ ಒಹೇದಾ ಕಾರ್ಬಹಾಲ್ ತೆಗೆದ ಸ್ಥಿರಚಿತ್ರದಲ್ಲಿ ಮಾತ್ರ ಗೋಲಿ ಪೀಟರ್ ಶಿಲ್ಟನ್ನನ ಮುಷ್ಟಿ, ಮರಡೋನಾನ ಎಡಗೈ, ಚೆಂಡು ಮೂರೂ ನಿಚ್ಚಳ. ಟಿವಿ ಆಟವನ್ನು ತಂದಿತು, ನೆನಪನ್ನು ಕಟ್ಟಿದ್ದು ಪಟ. ಇವತ್ತಿಗೂ ಆ ಗೋಲೆಂದರೆ ಕಣ್ಣ ಮುಂದೆ ಬರುವುದು ಆ ಒಂದು ಕ್ಷಣವೇ.

ಇನ್ನು ದೂರದ ಮಾತು. ಊರಿನಿಂದ ಯಾರು ಹೊರಟರು ಎಂದು ಮೊದಲು ತಿಳಿಯುವವರಲ್ಲಿ ಸ್ಟುಡಿಯೊದವನೂ ಒಬ್ಬ. ಅಮೆರಿಕದ ವೀಸಾಕ್ಕೆ ಎರಡಿಂಚು ಚೌಕದ, ಬಿಳಿ ಹಿನ್ನೆಲೆಯ ಪಟ ಬೇಕು, ಕನ್ನಡಕ ತೆಗೆದಿರಬೇಕು. ಎಷ್ಟೋ ಮನೆಗಳ ಮಕ್ಕಳನ್ನು ಹಾಗೆ ಕೂರಿಸಿದವನ ಸ್ವಂತ ಮಗಳೋ ಮಗನೋ ಒಂದು ದಿನ ಅದೇ ಸ್ಟೂಲಿನ ಮೇಲೆ ಕೂರುವ ಕಾಲ ಇದು. ಆಮೇಲೆ ಮಾತಾಡಲು ವಿಷಯ ಬೇಕಲ್ಲ? ಊಟ ಆಯಿತೇ, ಚಳಿ ಇದೆಯೇ ಎನ್ನುವಲ್ಲಿಗೆ ಮಾತು ತೀರಿಹೋಗುತ್ತದೆ. ಚಳಿಗಾಲದ ಶನಿವಾರ ಇಂಗ್ಲೆಂಡಿನಲ್ಲಿ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಪಂದ್ಯ ಇಲ್ಲಿ ರಾತ್ರಿ ಎಂಟೂವರೆ, ಪೇಟೆ ಬೀದಿಯಲ್ಲಿ ಷಟರ್ ಎಳೆಯುವ ಹೊತ್ತು; ನ್ಯೂಯಾರ್ಕಿನಲ್ಲಿ ಆಗ ಬೆಳಗಿನ ಹತ್ತು. ಎರಡು ತಾಸಿನೊಳಗೆ ಮುಗಿಯುತ್ತದೆ. ಟೆಸ್ಟ್ ಕ್ರಿಕೆಟ್ಟಿನಂತೆ ಐದು ದಿನ ಕೇಳುವುದಿಲ್ಲ. ಇಬ್ಬರ ಊರೂ ಅಲ್ಲದ ಮೂರನೇ ಊರಿನ ಆಟ. ಅದಕ್ಕೇ ಇಬ್ಬರಿಗೂ ಸಮ.

ಪರದೆಯಲ್ಲಿ ನೋಡುವ ಪ್ರೀತಿ ಎರವಲು, ಮೈದಾನದ ದೂಳು ಮೆತ್ತದವನಿಗೆ ಆಟದ ಮಾತೇಕೆ ಎನ್ನುವವರಿಗೆ ರಿಯಾದಿನ ಪಂದ್ಯವನ್ನು ತೋರಿಸಬೇಕು. ಮೈಸೂರು ಹೆಸರಲ್ಲಿ ಗೆದ್ದ 1968-69ರ ನಂತರ ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಗೆದ್ದದ್ದು 54 ವರ್ಷ ಕಳೆದು, 2023ರ ಮಾರ್ಚ್ 4ರಂದು, ಮೇಘಾಲಯದ ವಿರುದ್ಧ 3-2ರಿಂದ. ಆ ಫೈನಲ್ ನಡೆದದ್ದು ಬೆಂಗಳೂರಲ್ಲೂ ಅಲ್ಲ, ಭಾರತದಲ್ಲೂ ಅಲ್ಲ, ಸೌದಿಯ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ. ಮೂರನೇ ಗೋಲನ್ನು ರಾಬಿನ್ ಯಾದವ್ ಫ್ರೀಕಿಕ್ಕಿನಲ್ಲಿ ಹೊಡೆದಾಗ ಬೇಕೆಂದರೆ ಗ್ಯಾಲರಿಯಲ್ಲಿ ಕೂತು ನೋಡಲು ಅನುಕೂಲವಿದ್ದದ್ದು ರಿಯಾದಿನಲ್ಲಿ ದುಡಿಯುವ ಕನ್ನಡಿಗರಿಗೆ. ಗೌತಮಪುರದವರಿಗೂ ಗುಬ್ಬಿಯವರಿಗೂ ಅವತ್ತು ಪರದೆಯೇ ಗತಿ.