ಆಡಲು ಬಂದವರು ಆಟ ಕಟ್ಟಿದರು

ಕಪ್ಪು ಪರದೆ. ಅದರ ಮೇಲೆ ನಾಲ್ಕು ಸಾಲು ಅಕ್ಷರ. ನೀವೊಂದು ಕತ್ತಲೆ ಕೋಣೆಯಲ್ಲಿದ್ದೀರಿ, ಉತ್ತರಕ್ಕೆ ಬಾಗಿಲಿದೆ ಅನ್ನುತ್ತೆ ಕಂಪ್ಯೂಟರ್. ಉತ್ತರಕ್ಕೆ ಹೋಗು ಅಂತ ಟೈಪ್ ಮಾಡಿದರೆ ಮುಂದಿನ ಕೋಣೆ. ಅಲ್ಲಿ ಇನ್ನೊಬ್ಬ ನಿಂತಿದ್ದಾನೆ. ಅವನು ಯಂತ್ರ ಅಲ್ಲ ಸ್ವಾಮಿ, ಇನ್ನೆಲ್ಲೋ ಇನ್ನೊಂದು ಟರ್ಮಿನಲ್ ಮುಂದೆ ಕೂತಿರುವ ನಿಮ್ಮಂಥದೇ ಮನುಷ್ಯ.

ಚಿತ್ರ ಇಲ್ಲ, ಬಣ್ಣ ಇಲ್ಲ, ಸದ್ದು ಇಲ್ಲ. ಆದರೂ ಜನ ನಿದ್ದೆಗೆಟ್ಟು ಆಡಿದರು. ಇವತ್ತು ಲಕ್ಷಾಂತರ ಜನ ಒಟ್ಟಿಗೆ ಆಡುವ ಆನ್‌ಲೈನ್ ಗೇಮ್‌ಗಳ ಒಂದು ದೊಡ್ಡ ಬೇರು ಇರೋದು ಇಲ್ಲೇ. ಆ ಬೇರು ಊರಿದ್ದು ಕಂಪನಿಗಳಲ್ಲ, ಕಾಲೇಜು ಹುಡುಗರು.

ವರ್ಷ 1978. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯ. ರಾಯ್ ಟ್ರಬ್‌ಶಾ ಅನ್ನೋ ವಿದ್ಯಾರ್ಥಿಗೆ ಒಂದು ಕುತೂಹಲ. ಕಂಪ್ಯೂಟರಿನ ಒಂದೇ ಮೆಮೊರಿ ಜಾಗವನ್ನು ಹಲವರ ಪ್ರೋಗ್ರಾಂಗಳು ಒಟ್ಟಿಗೆ ಬಳಸೋಕೆ ಆಗುತ್ತಾ? ಪಿಡಿಪಿ-10 ಅನ್ನೋ ಯಂತ್ರದಲ್ಲಿ ಪ್ರಯೋಗ ಮಾಡಿದ. ಆಯ್ತು! ಅಮೆರಿಕದಲ್ಲಿ ವಿಲ್ ಕ್ರೌದರ್ ಆಗಲೇ ಗುಹೆಯೊಳಗೆ ಅಲೆಯುವ 'ಅಡ್ವೆಂಚರ್' ಆಟ ಬರೆದಿದ್ದ. ಆದರೆ ಅದನ್ನು ಒಬ್ಬರೇ ಆಡಬೇಕು. ಟ್ರಬ್‌ಶಾ ಅಂಥ ಲೋಕಕ್ಕೆ ಹಲವರನ್ನು ಒಟ್ಟಿಗೆ ಬಿಟ್ಟ. ಹೆಸರು ಮಲ್ಟಿ-ಯೂಸರ್ ಡಂಜನ್, ಚಿಕ್ಕದಾಗಿ 'ಮಡ್'. 1980ರಲ್ಲಿ ಆಟದ ಹೊಣೆ ಗೆಳೆಯ ರಿಚರ್ಡ್ ಬಾರ್ಟಲ್‌ಗೆ ಬಂತು. ಅದೇ ವರ್ಷ ನೆಟ್‌ವರ್ಕ್ ಮೂಲಕ ಹೊರಗಿನವರೂ ಬಂದರು. ಹಗಲು ಹೊತ್ತಿನಲ್ಲಿ ಯಂತ್ರಕ್ಕೆ ಬೇರೆ ಕೆಲಸ. ಹಾಗಾಗಿ ಅವರ ಆಟ ನಡೆಯುತ್ತಿದ್ದದ್ದು ನಡುರಾತ್ರಿ ಕಳೆದ ಮೇಲೆ.

ಬಾರ್ಟಲ್ ಮುಂದೆ ಹಲವು ಸಲ ಹೇಳಿಕೊಂಡ ಮಾತೊಂದಿದೆ. ಬ್ರಿಟನ್ನಿನಲ್ಲಿ ನೀನು ಯಾವ ಮನೆಯಲ್ಲಿ ಹುಟ್ಟಿದೆ, ಹೇಗೆ ಮಾತಾಡ್ತೀಯ ಅನ್ನೋದರ ಮೇಲೆ ನಿನ್ನ ಬೆಲೆ ಕಟ್ಟುತ್ತಿದ್ದರು. ಹುಟ್ಟಿನ ಹಂಗಿಲ್ಲದ ಒಂದು ಲೋಕ ಇರಲಿ ಅನ್ನೋ ಆಸೆಯೂ ಈ ಆಟದ ಹಿಂದಿತ್ತಂತೆ. ಹುಟ್ಟು ನೋಡಿ ಮಣೆ ಹಾಕೋದು ಏನು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ, ಅಲ್ವಾ?

ಈಗ ಕಥೆಯ ಮುಖ್ಯ ಘಟ್ಟಕ್ಕೆ ಬರೋಣ. ಆಟ ಆಡಿದವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ನಾವೂ ಒಂದು ಕಟ್ಟೋಣ ಅಂದರು. 1987ರಲ್ಲಿ ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ ಓದುತ್ತಿದ್ದ ಅಲನ್ ಕಾಕ್ಸ್ 'ಅಬರ್‌ಮಡ್' ಬರೆದ. ಎಸೆಕ್ಸ್‌ನ ಆಟ ಆಡಿ ಬಂದ ಹುಡುಗ ಅವನು. ಮುಂದೆ ಲಿನಕ್ಸ್ ಕಟ್ಟಿದವರ ಮೊದಲ ಸಾಲಿನಲ್ಲಿ ನಿಂತವನೂ ಅವನೇ. 1989ರಲ್ಲಿ ಅಮೆರಿಕದ ಜಿಮ್ ಆಸ್ಪ್ನೆಸ್ 'ಟೈನಿಮಡ್' ತಂದ. ಅದರಲ್ಲಿ ಪ್ರೋಗ್ರಾಮಿಂಗ್ ಬಾರದವರೂ ತಮ್ಮದೇ ಕೋಣೆಗಳನ್ನು ಕಟ್ಟಿ ಬಾಗಿಲು ಇಡಬಹುದಿತ್ತು.

ಅದೇ ವರ್ಷ ಸ್ವೀಡನ್ನಿನ ಲಾರ್ಸ್ ಪೆನ್‌ಶೋ ಇನ್ನೊಂದು ಹೆಜ್ಜೆ ಮುಂದೆ ಹೋದ. ಒಳ್ಳೆ ಕಥೆ ಹೆಣೆಯೋದು ನನ್ನೊಬ್ಬನ ಕೈಲಾಗಲ್ಲ ಅನ್ನಿಸಿತು ಅವನಿಗೆ. ಹಾಗಾದರೆ ಆಡುವವರೇ ಬರೆಯಲಿ! ಅವನ 'ಎಲ್‌ಪಿಮಡ್'ನಲ್ಲಿ ಆಟ ಗೆದ್ದವನಿಗೆ 'ವಿಜರ್ಡ್' ಪಟ್ಟ, ಅಂದರೆ ಮಾಂತ್ರಿಕನ ಪಟ್ಟ. ಚಿನ್ನದ ಬಹುಮಾನ ಅಲ್ಲ, ಕೋಡ್ ಬರೆಯುವ ಹಕ್ಕು. ಅದಕ್ಕಾಗಿಯೇ ಒಂದು ಪುಟ್ಟ ಭಾಷೆ, ಎಲ್‌ಪಿಸಿ. ಒಂದು ಕೋಣೆ, ಒಂದು ಕತ್ತಿ, ಒಂದು ರಾಕ್ಷಸ, ಒಂದೊಂದೂ ಒಂದೊಂದು ಸಣ್ಣ ಪ್ರೋಗ್ರಾಂ. ನಿನ್ನೆ ಆಡುತ್ತಿದ್ದವನು ಇವತ್ತು ಬರೀತಾನೆ. ತಪ್ಪು ಬರೆದರೆ ಅವನ ರಾಕ್ಷಸ ಸಾಯೋದೇ ಇಲ್ಲ, ಬಾಗಿಲು ತೆರೆಯೋದೇ ಇಲ್ಲ, ಆಡುವವರು ಅಲ್ಲೇ ಬಯ್ತಾರೆ. ಇದಕ್ಕಿಂತ ದೊಡ್ಡ ಮೇಷ್ಟ್ರು ಬೇಕಾ?

1990ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಐದು ಜನ ಸೇರಿ 'ಡಿಕುಮಡ್' ಶುರು ಮಾಡಿದರು. 1991ರಲ್ಲಿ ಅದರ ಕೋಡನ್ನು ಎಲ್ಲರ ಮುಂದೆ ಇಟ್ಟರು. ಷರತ್ತು ಮುಖ್ಯವಾಗಿ ಎರಡು: ಇದರಿಂದ ದುಡ್ಡು ಮಾಡಬೇಡಿ, ನಮ್ಮ ಹೆಸರು ಅಳಿಸಬೇಡಿ. ಅಷ್ಟೇ. ಕಲಿಯೋಕೆ ಬಂದವರು ಆ ಕೋಡ್ ತೆಗೆದುಕೊಂಡರು, ಬಿಚ್ಚಿದರು, ಕೆಡಿಸಿದರು, ಸರಿ ಮಾಡಿದರು. ಅದರಿಂದ ಹೊಸ ಹೊಸ ಆಟ ಹುಟ್ಟಿದವು.

1999ರಲ್ಲಿ 'ಎವರ್‌ಕ್ವೆಸ್ಟ್' ಅನ್ನೋ ಭಾರಿ ವ್ಯಾಪಾರಿ ಗೇಮ್ ಬಂತು. ಆಟದ ನಡೆ ಡಿಕುಮಡ್‌ನಂತೆಯೇ ಇತ್ತು. ಹುಡುಗರ ಕೋಡ್ ಕದ್ದಿದ್ದಾರೆ ಅಂತ ಗುಲ್ಲೆದ್ದಿತು. 2000ದಲ್ಲಿ ಕಂಪನಿಯವರು ಡಿಕುವಿನ ಒಂದು ಸಾಲೂ ಬಳಸಿಲ್ಲ ಅಂತ ಪ್ರಮಾಣಪತ್ರ ಬರೆದುಕೊಟ್ಟರು. ಡಿಕು ತಂಡ ಅದನ್ನು ಒಪ್ಪಿತು. ಅಲ್ಲಿಗೆ ವಿವಾದ ಮುಗಿಯಿತು. ಆದರೆ ಒಂದು ಮಾತು ಗಮನಿಸಿ. ಪುಕ್ಕಟೆ ಹಂಚಿದ ವಿದ್ಯಾರ್ಥಿಗಳ ಎದುರು ದುಡ್ಡಿನ ಕಂಪನಿ ಆಣೆ ಮಾಡಬೇಕಾಯಿತು. ಹಂಚಿದವರಿಗೆ ದುಡ್ಡು ಬರಲಿಲ್ಲ, ಆದರೆ ಆ ಮರ್ಯಾದೆ ಬಂತು.

ಮಗ ಮೊಬೈಲ್ ಹಿಡಿದು ಗೇಮ್ ಆಡ್ತಾನೆ ಅಂತ ನಾವು ಗದರುತ್ತೇವೆ. ಆದರೆ ಈಗಿನ ಗೇಮಿಗೂ ಆಗಿನ ಮಡ್‌ಗೂ ಇರುವ ವ್ಯತ್ಯಾಸ ಚಿತ್ರದ್ದಲ್ಲ. ಈಗಿನ ಬಹುಪಾಲು ಗೇಮ್‌ಗಳಿಗೆ ಬೀಗ ಹಾಕಿದೆ. ಒಳಗೆ ಏನಿದೆ ಅಂತ ನೋಡೋ ಹಾಗಿಲ್ಲ. ಕತ್ತಿ ಬೇಕಾದರೆ ಮಾಡಿಕೊಳ್ಳೋ ಹಾಗಿಲ್ಲ, ದುಡ್ಡು ಕೊಟ್ಟು ಕೊಳ್ಳಬೇಕು. ಆಡುವವನು ಬರೀ ಗಿರಾಕಿ.

ಆದರೆ ದಾರಿ ಮುಚ್ಚಿಲ್ಲ. ಡಿಕುಮಡ್ ಹೊರಬಂದ 1991ರಲ್ಲೇ ಯೂನಿಕೋಡ್‌ನ ಮೊದಲ ಆವೃತ್ತಿಯೂ ಬಂತು. ಅದರಲ್ಲಿ ಕನ್ನಡಕ್ಕೂ ಜಾಗ ಸಿಕ್ಕಿತು. ಅಕ್ಷರದ ಆಟಕ್ಕೆ ದುಬಾರಿ ಯಂತ್ರ ಬೇಡ, ಚಿತ್ರ ಬರೆಯುವ ತಂಡ ಬೇಡ. ಹಳೆಯ ಲ್ಯಾಪ್‌ಟಾಪು, ಪೈಥಾನ್‌ನಂಥ ಉಚಿತ ಭಾಷೆ ಸಾಕು. ಮೊದಲು ಎರಡು ಕೋಣೆ, ನಡುವೆ ಒಂದು ಬಾಗಿಲು. ಆಮೇಲೆ ಗೆಳೆಯನೊಬ್ಬ ಒಳಗೆ ಬರುವ ವ್ಯವಸ್ಥೆ. ಕೋಣೆಯ ವರ್ಣನೆ ಕನ್ನಡದಲ್ಲೇ ಬರೆಯಲಿ: ಹಂಪಿಯ ಬೀದಿಯಾದರೂ ಸರಿ, ಅಜ್ಜಿ ಮನೆಯ ಅಟ್ಟವಾದರೂ ಸರಿ.

ಈ ಬೇಸಿಗೆ ರಜೆಯಲ್ಲಿ ಗೇಮ್ ಬೇಡ ಅನ್ನುವ ಬದಲು, ಒಂದು ಕೋಣೆ ಕಟ್ಟಿ ತೋರಿಸು ಅಂತ ಕೇಳಿ ನೋಡಿ. ಕಟ್ಟಿದ ಮೇಲೆ ನೀವೂ ಒಳಗೆ ಹೋಗಿ ಬನ್ನಿ.